ಜೋಡಿ ಡಿಸ್ಕು

ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯೊಂದಿದೆ. ಅದರ ಮುಂದೆ ಹಾಯುವಾಗ ಈಗಲೂ ನಾನು ಮುಖ ಆಚೆ ತಿರುಗಿಸುತ್ತೇನೆ. ಅಂಗಡಿಯವನ ತಪ್ಪೇನೂ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬೈಯಲು ಒಬ್ಬನಾದರೂ ಸಿಗುತ್ತಿದ್ದ.

ನಮ್ಮ ಅವ್ವನ ತವರು ನಾರಾಯಣಖೇಡದ ಕಡೆಯ ಹಳ್ಳಿ. ಝರಾಸಂಗಂ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳು ತಂದ ಆಸ್ತಿ ಎಂದರೆ ಹಾಡು. ಬೀಸುವ ಪದ, ತೊಟ್ಟಿಲ ಪದ, ಮದುವೆಯ ಸೋಬಾನ. ಕಾಗದದ ಮೇಲೆ ಒಂದಕ್ಷರವಿಲ್ಲ, ಎಲ್ಲವೂ ಬಾಯಲ್ಲೇ. ನಾನು ತೆಲುಗಿನಲ್ಲಿ ಗಣಿತ ಕಲಿಸುತ್ತ ಆಯುಷ್ಯ ಕಳೆದ ಮೇಷ್ಟ್ರು. ನಿವೃತ್ತನಾದ ಮೇಲೆ ಒಂದು ಬೇಸಿಗೆ ಅವಳೆದುರು ಮೊಬೈಲ್ ಇಟ್ಟು ಹದಿನೇಳು ಹಾಡು ಹಾಡಿಸಿಕೊಂಡೆ. ಅದೇ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಕಿವಿ ಮತ್ತು ನೆನಪು ಮಾತ್ರ ಮೊದಲಿನಂತೆಯೇ ಉಳಿದವು. ಮಧ್ಯಾಹ್ನ ಊಟವಾದ ಮೇಲೆ ಎಡಗೈ ಎತ್ತಿ ಟಿವಿ ತೋರಿಸುತ್ತಿದ್ದಳು. ನಾನು ಹಾಡು ಹಚ್ಚುತ್ತಿದ್ದೆ. ತನ್ನ ದನಿಗೆ ತಾನೇ ಬೆರಳಿನಿಂದ ತಾಳ ಹಾಕುತ್ತ ಮಲಗಿರುತ್ತಿದ್ದಳು.

ಮೊಬೈಲ್ ತುಂಬಿತು. ಹಾಡು, ಮಕ್ಕಳ ಮದುವೆಯ ವಿಡಿಯೊ, ನನಗೆ ಹುಚ್ಚಿರುವ ಹಳೆಯ ಸಿನಿಮಾ ಎಲ್ಲವನ್ನೂ ಒಂದೆಡೆ ಇಡಲು ಟಿವಿಯ ಪಕ್ಕಕ್ಕೆ ಒಂದು ಪೆಟ್ಟಿಗೆ ತಂದೆ. ಅದರಲ್ಲಿ ಎರಡು ಹಾರ್ಡ್ ಡಿಸ್ಕ್ ಕೂರುತ್ತವೆ. ಒಂದರ ಮೇಲೆ ಬರೆದದ್ದು ತಾನಾಗಿ ಇನ್ನೊಂದರ ಮೇಲೂ ಬೀಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂಬುದು ಲೆಕ್ಕಾಚಾರ. ಹೊಸ ಡಿಸ್ಕು ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಶಕ್ತಿ ಇರಲಿಲ್ಲ ಎಂದಲ್ಲ, ಜಿಪುಣತನ.

ಅಂಗಡಿಯವನು ಹಳೆಯ ಡಿಸ್ಕುಗಳನ್ನು ಮೇಜಿನ ಮೇಲೆ ಹರವಿದ. ಎಲ್ಲೆಲ್ಲಿಯೋ ಸಿಸಿ ಕ್ಯಾಮೆರಾಗಳಿಗೆ ದುಡಿದು ಬಂದವು. ಒಂದೊಂದನ್ನೂ ಕಂಪ್ಯೂಟರಿಗೆ ಜೋಡಿಸಿ ಎಷ್ಟು ತಾಸು ಓಡಿದೆ ಎಂದು ತೋರಿಸಿದ. ಆಗ ನನ್ನೊಳಗಿನ ಒಕ್ಕಲಿಗ ಎದ್ದು ಕೂತ. ಅಪ್ಪ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. ಎರಡಕ್ಕೂ ಒಂದೇ ವಯಸ್ಸು, ಒಂದೇ ಎತ್ತರ, ಸಾಧ್ಯವಾದರೆ ಒಂದೇ ಹಟ್ಟಿಯವು ಇರಬೇಕು. ಇಲ್ಲದಿದ್ದರೆ ನೊಗ ಒಂದು ಕಡೆ ಎಳೆಯುತ್ತದೆ ಎನ್ನುತ್ತಿದ್ದ. ಒಮ್ಮೆ ಹೂಡಿದ ಜೋಡಿಯನ್ನು ಜೀವ ಹೋದರೂ ಒಡೆಯುತ್ತಿರಲಿಲ್ಲ. ನಾನೂ ಹಾಗೆಯೇ ಹುಡುಕಿ ಹುಡುಕಿ ಒಂದೇ ಕಂಪನಿಯ, ಒಂದೇ ತಿಂಗಳಲ್ಲಿ ತಯಾರಾದ, ಹೆಚ್ಚುಕಡಿಮೆ ಒಂದೇ ತಾಸು ಓಡಿದ ಎರಡನ್ನು ಆರಿಸಿದೆ. ಆರಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಪಟ್ಟೆ.

ಅಂಗಡಿಯವನು ಅವೆರಡರ ಚೀಟಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದ.

"ಸರ್, ಈ ಎರಡೂ ಒಂದೇ ಕಡಿ ಹಗಲು ರಾತ್ರಿ ದುಡದಾವ್ರಿ. ಹೋದ್ರ ಕೂಡೇ ಹೋಗ್ತಾವ. ಒಂದು ಇದು ಒಯ್ರಿ, ಒಂದು ಬ್ಯಾರೆ ಕಂಪನಿದು ಕೊಡ್ತೀನಿ."

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಯಾವುದೋ ಡಿಸ್ಕನ್ನು ನನ್ನ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದುಕೊಂಡೆ. ನಲವತ್ತು ವರ್ಷ ಗಣಿತ ಕಲಿಸಿದವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬ ಧಾಟಿಯಲ್ಲಿ ನಕ್ಕು, ಜೋಡಿಯನ್ನೇ ಕಟ್ಟಿಸಿಕೊಂಡು ಬಂದೆ. ಎಲ್ಲವನ್ನೂ ಅದಕ್ಕೆ ಹಾಕಿ ಮೊಬೈಲಿನಿಂದ ಅಳಿಸಿಬಿಟ್ಟೆ.

ಪಂಚಮಿಗೆ ತಾಂಡೂರಿನಿಂದ ಅಕ್ಕ ಬಂದಳು. ಮೂರು ದಿನ ಅವ್ವನ ಪಕ್ಕ ಕೂತು ಹಾಡು ಕೇಳಿದಳು. ಹೊರಡುವ ದಿನ ಪೆಟ್ಟಿಗೆಯ ಹತ್ತಿರ ಬಂದು, ಎರಡಿವೆಯಲ್ಲ, ಒಂದನ್ನು ನನಗೆ ಕೊಡು, ನನ್ನ ಮನೆಯಲ್ಲೂ ಅವ್ವನ ದನಿ ಇರಲಿ ಎಂದಳು.

"ಜೋಡಿ ಒಡೀಬಾರ್ದಕ್ಕ," ಎಂದೆ.

ಹಾಗಾದರೆ ಮೊಬೈಲಿಗಾದರೂ ಹಾಕಿಕೊಡು ಎಂದಳು. ಮುಂದಿನ ಸಲ ನೋಡೋಣ ಎಂದು ತಳ್ಳಿಹಾಕಿದೆ. ಹತ್ತು ನಿಮಿಷದ ಕೆಲಸ. ಮಾಡಲಿಲ್ಲ. ಅವ್ವನ ಹಾಸಿಗೆ ತೆಗೆಯುವವನು ನಾನು, ಬಾಯಿಗೆ ತುತ್ತಿಡುವವಳು ನನ್ನ ಹೆಂಡತಿ. ದನಿ ಬೇಕಾದವರು ಇಲ್ಲಿಗೇ ಬಂದು ಕೇಳಲಿ ಎಂಬ ಸೊಕ್ಕು ನನಗಿತ್ತು. ಅದನ್ನು ಇಂದು ಬೇರೆ ಹೆಸರಿನಿಂದ ಕರೆಯಲಾರೆ.

ಮರುವರ್ಷ ಒಂದು ಬೆಳಿಗ್ಗೆ ಪೆಟ್ಟಿಗೆಯೊಳಗಿಂದ ಟಕ್ ಟಕ್ ಸದ್ದು ಬಂತು. ಒಂದು ಡಿಸ್ಕು ಹೋಗಿತ್ತು. ನಾನು ಗಾಬರಿಯಾಗಲಿಲ್ಲ. ಈ ಸಲ ಹೊಸದನ್ನೇ ತಂದು, ಉಳಿದದ್ದರಿಂದ ಅದಕ್ಕೆ ಎಲ್ಲವನ್ನೂ ಇಳಿಸಲು ಹಚ್ಚಿದೆ. ದಿನವಿಡೀ ಒಂದೇ ಸಮನೆ ಓಡಿ ಓಡಿ, ಸಂಜೆಯ ಹೊತ್ತಿಗೆ ಎರಡನೆಯದೂ ಟಕ್ ಟಕ್ ಎಂದಿತು. ಸಿನಿಮಾಗಳೆಲ್ಲ ಇಳಿದಿದ್ದವು. ಮದುವೆಯ ವಿಡಿಯೊವೂ ಇಳಿದಿತ್ತು. ಅವ್ವನ ಹಾಡುಗಳು ಸಾಲಿನಲ್ಲಿ ಎಲ್ಲಕ್ಕಿಂತ ಹಿಂದೆ ಇದ್ದವು. ಅವು ಬರಲಿಲ್ಲ. ಸತ್ತುಹೋದ ನಟರೆಲ್ಲ ನನ್ನ ಮನೆಯಲ್ಲಿ ಈಗಲೂ ಚೆನ್ನಾಗಿ ಕುಣಿಯುತ್ತಾರೆ. ಆ ಹೊಸ ಡಿಸ್ಕನ್ನು ನೋಡಿದರೆ ನೆಲಕ್ಕೆ ಅಪ್ಪಳಿಸಬೇಕು ಎನಿಸುತ್ತದೆ.

ಕೆಟ್ಟ ಎರಡನ್ನೂ ಹಿಡಿದು ಅಂಗಡಿಗೆ ಓಡಿದೆ. ಅಂಗಡಿಯವನು ಹೈದರಾಬಾದಿನ ಒಬ್ಬರ ವಿಳಾಸ ಕೊಟ್ಟ. ಅವರು ಬಿಚ್ಚಿ ನೋಡಿ, ಒಳಗಿನ ತಟ್ಟೆಗಳು ಗೀರಿಹೋಗಿವೆ, ಏನೂ ಸಿಗುವುದಿಲ್ಲ ಎಂದು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ಆ ಕವರು ಹಿಡಿದು ಮತ್ತೆ ಅಂಗಡಿಗೆ ಹೋದಾಗ, ನಾನು ಮೊದಲೇ ಹೇಳಿದ್ದೆನಲ್ಲ ಎಂಬ ಮಾತನ್ನು ಅಂಗಡಿಯವನು ಒಮ್ಮೆಯೂ ಆಡಲಿಲ್ಲ. ಸ್ಟೂಲ್ ಎಳೆದು ಕೂರಿಸಿ ಚಹಾ ತರಿಸಿದ.

ಅವ್ವ ಮಧ್ಯಾಹ್ನ ಎಂದಿನಂತೆ ಟಿವಿ ತೋರಿಸುತ್ತಿದ್ದಳು. ಬೇರೆ ಯಾರದೋ ಜಾನಪದ ಹಾಡು ಹಚ್ಚಿದೆ. ಗೋಡೆಯ ಕಡೆ ಹೊರಳಿದಳು.

ಸುದ್ದಿ ತಿಳಿದು ಅಕ್ಕ ತಾಂಡೂರಿನಿಂದ ಬಂದಳು. ಬೈಯಲಿ ಎಂದು ಕಾದೆ.

"ಜೋಡಿ ಒಡಿಲಿಲ್ಲ ನೀ," ಎಂದಳು. "ಕೂಡೇ ಹೋದ್ವು."

ಅಷ್ಟೇ ಹೇಳಿ ಅವ್ವನ ಮಂಚದ ಮೇಲೆ ಕೂತು, ತೊಟ್ಟಿಲ ಪದವೊಂದನ್ನು ತಾನೇ ಎತ್ತಿಕೊಂಡಳು. ಅವ್ವ ಇತ್ತ ಹೊರಳಿ ಬೆರಳಾಡಿಸತೊಡಗಿದಳು. ಮೊದಲ ನುಡಿ ಬಂತು, ಎರಡನೆಯದೂ ಬಂತು. ಮೂರನೆಯ ನುಡಿಗೆ ಅಕ್ಕ ತಡವರಿಸಿದಳು. ಮತ್ತೆ ಮೊದಲಿನಿಂದ ಹಾಡಿ ಅಲ್ಲಿಗೇ ಬಂದು ನಿಂತಳು. ನನ್ನನ್ನು ನೋಡಿದಳು. ನನಗೂ ಬರುತ್ತಿರಲಿಲ್ಲ. ಡಿಸ್ಕಿನಲ್ಲಿದೆ ಎಂದು ನಾನು ಯಾವುದನ್ನೂ ಬಾಯಿಪಾಠ ಮಾಡಿರಲಿಲ್ಲ.

ಅವ್ವನಿಗೆ ಬರುತ್ತಿತ್ತು. ಅವಳ ತುಟಿಗಳು ಅಲುಗಿದವು. ನಾವಿಬ್ಬರೂ ಬಗ್ಗಿ ಅವಳ ಬಾಯಿಗೆ ಕಿವಿ ಕೊಟ್ಟೆವು. ಉಸಿರು ಬಂತು, ಜೊಲ್ಲು ಬಂತು. ಅಕ್ಕ ಸೆರಗಿನಿಂದ ಒರೆಸಿದಳು. ಹೊದಿಕೆಯ ಮೇಲೆ ಅವ್ವನ ಎಡಗೈ ಬೆರಳು ಮೂರನೆಯ ನುಡಿಯ ತಾಳವನ್ನು ಕೊನೆಯವರೆಗೂ ಹಾಕಿ ಆಮೇಲೆ ನಿಂತಿತು.