ಎಷ್ಟು ಬುತ್ತಿ ದೂರ ಮುಂಬೈ

ನಮ್ಮ ಅವ್ವ ದಾರಿಯನ್ನು ಬುತ್ತಿಯಲ್ಲಿ ಅಳೆಯುತ್ತಿದ್ದಳು. ಬನಹಟ್ಟಿಯಿಂದ ತೇರದಾಳಕ್ಕೆ ಬುತ್ತಿ ಬೇಡ, ಉಂಡು ಹೊರಟರೆ ಮತ್ತೆ ಹಸಿಯುವುದರೊಳಗೆ ಮನೆ ಸೇರಬಹುದು. ವಿಜಾಪುರ ಒಂದು ಬುತ್ತಿ. ಮುಂಬೈ ಮೂರು. ಇದು ರೊಟ್ಟಿ ಕಟ್ಟುವ ಲೆಕ್ಕವಷ್ಟೇ ಅಲ್ಲ, ಹೋಗಬೇಕೋ ಬೇಡವೋ ಎಂಬ ಕಾನೂನೂ ಹೌದು. ಒಂದು ಬುತ್ತಿಯ ಊರಿಗೆ ಮನಸ್ಸು ಬಂದಾಗ ಹೋಗಬಹುದು. ಎರಡಕ್ಕೆ ಮದುವೆ ಇರಬೇಕು. ಮೂರಕ್ಕೆ ಯಾರಾದರೂ ಸತ್ತಿರಬೇಕು.

ತಂಗಿಯನ್ನು ಮುಂಬೈಗೆ ಕೊಟ್ಟಿದ್ದೆವು. ಅವಳ ದುರ್ದೈವಕ್ಕೆ ಅಲ್ಲಿ ಯಾರೂ ಸಾಯಲೊಲ್ಲರು. ಎಂಟು ವರ್ಷವಾದರೂ ಅವ್ವ ಮಗಳ ಹೊಸ್ತಿಲು ತುಳಿದಿರಲಿಲ್ಲ. ಸೀರೆ ವ್ಯಾಪಾರಕ್ಕೆ ನಾನು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಸಲ ತಂಗಿ ಚಹಾದ ಕಪ್ಪು ಕುಕ್ಕಿ, "ಮುಂದಿನ ಸಲ ಅವ್ವನ್ನ ಕರಕೊಂಡ ಬಾ. ಇಲ್ಲಾಂದ್ರ ನೀನೂ ಬರಬ್ಯಾಡ" ಅಂದುಬಿಟ್ಟಳು.

ಊರಿಗೆ ಬಂದವನೇ ಮಗನ ಶಾಲೆಯ ನಕಾಶೆ ತೆಗೆದು, ಬೆಳಗಾವಿಯಿಂದ ಮುಂಬೈವರೆಗೆ ಅಳತೆಪಟ್ಟಿ ಇಟ್ಟೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈಗೆ ವಿಮಾನವಿದ್ದ ಕಾಲವದು. ನೆಟ್ಟಗೆ ಹಾರಿದರೆ ಸುಮಾರು ನಾನೂರು ಕಿಲೋಮೀಟರು, ಹೆಚ್ಚುಕಡಿಮೆ ಒಂದು ತಾಸು. ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹೇಳಿದೆ.

"ಎಷ್ಟ ಬುತ್ತಿ?"

"ಒಂದೂ ಬ್ಯಾಡ ಬೇ. ತಾಸಿನ್ಯಾಗ ಮುಟ್ಟತೀವಿ."

ಅವ್ವನ ಕೈ ನಿಂತಿತು. "ಅಂದ್ರ ಮುಂಬೈ ವಿಜಾಪುರಕ್ಕಿಂತ ಸಮೀಪ ಆತಲ್ಲೋ!"

ಕಾನೂನಿನ ತೊಡಕೇ ಕಳೆಯಿತು. ಹೊರಡುವ ದಿನ ಅವ್ವ ಬುತ್ತಿ ಕಟ್ಟಲಿಲ್ಲ, ಪಕ್ಕದ ಮನೆಯವಳಿಗೆ, "ಸಂಜಿ ಮುಂದ ಎಮ್ಮಿ ನಾನ ಹಿಂಡತೇನಿ, ನೀ ನೀರಷ್ಟ ಕುಡಸು" ಎಂದು ಬೇರೆ ಹೇಳಿದಳು. ನಾನು ಅವ್ವನ ಬೆನ್ನ ಹಿಂದೆ ನಿಂತು, ಎಂಟು ದಿನ ಎಂದು ಆಕೆಗೆ ಬೆರಳು ತೋರಿಸಿದೆ.

ಬೆಳಗಾವಿ ಬಸ್ಸು ಗೋಕಾಕ ಮುಟ್ಟುವಷ್ಟರಲ್ಲೇ ಅವ್ವನಿಗೆ ಹಸಿವು. "ಎಲ್ಲೈತೋ ನಿನ್ನ ತಾಸು?"

"ತಾಸು ಇನ್ನೂ ಸುರು ಆಗಿಲ್ಲ ಬೇ" ಎಂದು ಬಾಳೆಹಣ್ಣು ಕೊಡಿಸಿದೆ. ಸಾಂಬ್ರಾ ತಲುಪುವವರೆಗೂ ಅವ್ವ ನನ್ನ ಮುಖ ನೋಡಲಿಲ್ಲ. ವಿಮಾನದಲ್ಲಿ ಮಾತ್ರ ನನ್ನ ಮಾನ ಉಳಿಯಿತು. ಕುರ್ಚಿ ಹಿಡಿದ ಕೈ ಅವ್ವ ಸಡಿಲಿಸುವ ಮೊದಲೇ ಮುಂಬೈ ಬಂದಿತ್ತು.

ತಂಗಿ ಬಾಗಿಲು ತೆಗೆದವಳೇ ಅವ್ವನನ್ನು ತಬ್ಬಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಅವ್ವನ ಕೈ ನೋಡಿದಳು. ನನ್ನ ಚೀಲವನ್ನೂ ಕೆದಕಿದಳು.

"ರೊಟ್ಟಿ ಎಲ್ಲೈತಿ ಬೇ? ನಿನ್ನ ಕೈ ರೊಟ್ಟಿ ತಿನ್ನೋಣಂತ ಮುಂಜಾನಿಂದ ಉಪವಾಸ ಕುಂತೇನಿ."

ಅವ್ವ ನಾಚಿದಳು. "ಭಾಳ ಸಮೀಪ ಅಂತ ಇವ ಅಂದ. ಅದಕ್ಕ ಕಟ್ಟಲಿಲ್ಲವಾ."

"ಸಮೀಪ ಇದ್ರ ಎಂಟ ವರ್ಷ ಯಾಕ ಬರಲಿಲ್ಲ?"

ತಂಗಿ ನಗುತ್ತಲೇ ಕೇಳಿದ್ದಳು, ಆದರೆ ಅವ್ವ ನಗಲಿಲ್ಲ. ಮಗಳ ಮುಂಗೈ ಹಿಡಿದುಕೊಂಡು, "ನಂದ ತಪ್ಪಾತವಾ. ದೂರ, ದೂರ ಅಂತ ನಾನ ಅನಕೊಂಡ ಕುಂತೆ" ಅಂದಳು.

ಆ ಮಾತು ನನಗೇ ನಾಟಿತು. ಅವ್ವನಿಗೆ ದಾರಿ ಗೊತ್ತಿರಲಿಲ್ಲ. ನನಗೆ ಅದರ ಒಂದೊಂದು ತಿರುವೂ ಗೊತ್ತಿತ್ತು. ಎಂಟು ವರ್ಷದಲ್ಲಿ ಒಂದು ಸಲವೂ, "ಬಾ ಬೇ, ನಾ ಕರಕೊಂಡ ಹೋಗತೇನಿ" ಎಂದು ನಾನು ಅಂದಿರಲಿಲ್ಲ.