ಹಿತ್ತಲ ಬಾಗಿಲಿಂದ ಬರುತ್ತಿದ್ದ ಸಿಸ್ಟರ್

ಕಳೆದ ತಿಂಗಳು ಸೋಯಾಬೀನ್ ಕೊಯ್ಯುವಾಗ ಕುಡಗೋಲು ಹಿಮ್ಮಡಿಗೆ ತಾಗಿತು. ಸವಣೂರಿನ ದವಾಖಾನೆಯಲ್ಲಿ ನರ್ಸ್ ಕಂದು ಬಣ್ಣದ ಅಯೋಡಿನ್ ಬಾಟಲಿಯ ಮುಚ್ಚಳ ತೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಾಯದ ಉರಿ ಮರೆತು ಬೇರೊಂದು ಉರಿ ಹತ್ತಿಕೊಂಡಿತು. ಇಪ್ಪತ್ತು ವರ್ಷವಾದರೂ ಆರದ ಸಿಟ್ಟು ಅದು.

ಆಗ ನಾನು ಹತ್ತಿಮತ್ತೂರಿನ ಆಚೆಯ ಈ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷ. ಮನೆಯಲ್ಲಿ ಮಾವ, ಗಂಡ, ಮದುವೆಯ ವಯಸ್ಸಿಗೆ ಬಂದ ನಾದಿನಿ. ಅತ್ತೆ ಮಾತ್ರ ಹಿತ್ತಲಲ್ಲಿ, ಹೊಟ್ಟು ತುಂಬುವ ಕೋಣೆಯಲ್ಲಿದ್ದರು. ಕೈಬೆರಳು ಮಡಚಿದ್ದವು, ಅಂಗಾಲಿನಲ್ಲಿ ಹುಣ್ಣು. ಕುಷ್ಠರೋಗ ಎಂಬ ಮಾತನ್ನು ನಮ್ಮಲ್ಲಿ ಯಾರೂ ಬಾಯಿಂದ ಆಡುತ್ತಿರಲಿಲ್ಲ. ಕೇಳಿದವರಿಗೆ ಮಾವ, "ಮೊಣಕಾಲ ಬ್ಯಾನಿ, ಅಡ್ಡಾಡಾಕ ಬರೂದಿಲ್ಲ" ಅನ್ನುತ್ತಿದ್ದರು. ನಾನು ರೊಟ್ಟಿಯ ತಾಟನ್ನು ಹೊಸ್ತಿಲ ಮೇಲಿಟ್ಟು ಕೋಲಿನಿಂದ ಒಳಗೆ ತಳ್ಳುತ್ತಿದ್ದೆ. ಹೌದು, ಕೋಲಿನಿಂದ. ಇದನ್ನು ಬರೆಯದೆ ಉಳಿದವರ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ಸಿಸ್ಟರ್ ಕೇರಳದ ಕಡೆಯವರು. ಸವಣೂರು ರಸ್ತೆಯ ಒಂದು ಬಾಡಿಗೆ ಮನೆಯಲ್ಲಿ ಇನ್ನಿಬ್ಬರು ಕ್ರೈಸ್ತ ಸನ್ಯಾಸಿನಿಯರ ಜೊತೆ ಇದ್ದರು. ಬಸುರಿಯರನ್ನು, ಕೂಸುಗಳನ್ನು ನೋಡಲು ಮಂಗಳವಾರ ನಮ್ಮೂರಿಗೆ ಬರುತ್ತಿದ್ದರು. ಒಂದು ದಿನ ಬಸ್ಸಿನ ಹಾದಿಯಲ್ಲಿ ಸಿಕ್ಕಾಗ ಧೈರ್ಯ ಮಾಡಿ ಅತ್ತೆಯ ವಿಷಯ ಹೇಳಿಬಿಟ್ಟೆ. ಅವತ್ತೇ ಹಿತ್ತಲ ಬಾಗಿಲಿಂದ ಬಂದರು. ನೆಲದ ಮೇಲೆ ಕೂತು, ಅತ್ತೆಯ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಅದೇ ಕಂದು ಅಯೋಡಿನ್ ಹಾಕಿ ಹುಣ್ಣು ತೊಳೆಯುತ್ತ ನನ್ನ ಕಡೆ ನೋಡದೆಯೇ ಕೇಳಿದರು:

"ಇವರನ್ನ ಯಾರರ ಮುಟ್ಟಿ ಎಷ್ಟ ದಿವಸ ಆತ್ರಿ?"

ಅತ್ತೆ ಸದ್ದಿಲ್ಲದೆ ಅಳುತ್ತಿದ್ದರು... ಮರುದಿನ ಆ ಕೋಲನ್ನು ಒಲೆಗೆ ಹಾಕಿದೆ.

ಅಲ್ಲಿಂದ ಎಂಟು ತಿಂಗಳು ಒಂದು ಮಂಗಳವಾರವೂ ತಪ್ಪಲಿಲ್ಲ. ಸರಕಾರಿ ದವಾಖಾನೆಯ ಮಾತ್ರೆಗಳನ್ನು ತಾವೇ ತಂದುಕೊಡುತ್ತಿದ್ದರು. ಮಡಚಿದ ಬೆರಳುಗಳಿಂದ ಅತ್ತೆಗೆ ವಿಭೂತಿ ಹಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಪಟ್ಟಿ ಕಟ್ಟಿದ ಮೇಲೆ ಸಿಸ್ಟರೇ ಹಚ್ಚುತ್ತಿದ್ದರು, ಮೂರು ಬೆರಳಲ್ಲಿ, ನೆಟ್ಟಗೆ. ಒಮ್ಮೆ ಅತ್ತೆ, "ನಿಮ್ಮ ದೇವ್ರು ಇದಕ್ಕೇನಂತಾನ್ರಿ?" ಎಂದು ಕೇಳಿದರು. "ಮೊದಲ ಹುಣ್ಣು ಒಣಗಸು ಅಂತಾನ್ರಿ" ಎಂದರು ಸಿಸ್ಟರ್. ನಾನು ಕೇಳಿದ ಅವರ ಧರ್ಮಪ್ರಚಾರ ಅಷ್ಟೇ.

ಮಾವನಿಗೆ ಗೊತ್ತಾದಾಗ ಅವರು ಬೈಯಲಿಲ್ಲ, ಕೈ ಮುಗಿದರು. "ಮಗಳಿಗೆ ಹಿರೇಕೆರೂರ ಕಡೆ ವರ ಗೊತ್ತಾಗೇತ್ರಿ. ಲಗ್ನ ಮುಗಿಯೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಮಾತ್ರಿ ಸುರು ಆದ ಮ್ಯಾಲ ಇದು ಹರಡೂದಿಲ್ರಿ. ಅವರನ್ನ ಮನಿ ಒಳಗ ಕರಕೋರಿ" ಎಂದರು ಸಿಸ್ಟರ್. ಮಾವ ಮುಗಿದ ಕೈ ಇಳಿಸಲಿಲ್ಲ. "ಆತ್ರಿ, ನಾ ಯಾರಿಗೂ ಹೇಳೂದಿಲ್ಲ" ಎಂದು ಸಿಸ್ಟರ್ ಮಾತು ಕೊಟ್ಟರು. ಅತ್ತೆ ಹೊಟ್ಟಿನ ಕೋಣೆಯಲ್ಲೇ ಉಳಿದರು.

ಲಗ್ನಕ್ಕೆ ಒಂದು ತಿಂಗಳಿರುವಾಗ ಊರಲ್ಲಿ ಸುದ್ದಿ ಎದ್ದಿತು: ಆ ಸಿಸ್ಟರ್ ಮಂದಿಯ ಜಾತಿ ಕೆಡಿಸಲು ಬರುತ್ತಾಳೆ. ಒಂದು ಮಂಗಳವಾರ ಬಸ್ಸಿಳಿದ ಸಿಸ್ಟರನ್ನು ನಮ್ಮ ಮನೆಯ ಎದುರಿನ ಕಟ್ಟೆಯ ಮುಂದೆ ನಿಲ್ಲಿಸಿದರು. ತಮ್ಮ ಹೆಂಡತಿಯರ ಹೆರಿಗೆಗೆ ಅವರನ್ನು ಓಡೋಡಿ ಕರೆತಂದವರೂ ಆ ಗುಂಪಿನಲ್ಲಿದ್ದರು. ಒಬ್ಬ ಕೇಳಿದ: "ಗೌಡ್ರ, ನಿಮ್ಮ ಹಿತ್ತಲದಾಗ ಈಕೀ ಹೊಕ್ಕಿದ್ದು ನಾವು ನೋಡೇವಿ. ಏನ್ ಮಾಡಾಕ ಬರ್ತಾಳ?"

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹೆಣ್ಣಮಕ್ಕಳ ತಲಿ ತಿರುಗಸಾಕ ಬರ್ತಾಳ. ಬ್ಯಾಡಂತ ಹೇಳಿ ಹೇಳಿ ನನಗೂ ಸಾಕಾಗೇತಿ."

ಸಿಸ್ಟರ್ ಮಾವನನ್ನೇ ನೋಡಿದರು. "ನಾ ಔಷಧ ಕೊಡಾಕ ಬರ್ತೇನ್ರಿ" ಎಂದರು.

"ಯಾರಿಗೆ?"

"ಅದನ್ನ ನಾ ಹೇಳೂದಿಲ್ಲ."

ಒಂದೇ ಮಾತು ಸಾಕಿತ್ತು. ಹಿತ್ತಲ ಬಾಗಿಲು ತೆರೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ನಾನು ತಲೆಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದೆ. ಒಂದು ಕ್ಷಣ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಗುಂಪಿನವರು ಅವರ ಚೀಲ ಕಸಿದು ಬೋರಲು ಹಾಕಿದರು. ಬಿಳಿ ಪಟ್ಟಿಯ ಸುರುಳಿಗಳು ಧೂಳಿನಲ್ಲಿ ಉರುಳಿದವು, ಯಾರೋ ಅವುಗಳನ್ನು ತುಳಿದರು. ಸಿಸ್ಟರ್ ಬಗ್ಗಿ ಒಂದೆರಡು ಆರಿಸಿಕೊಂಡು, ಉಳಿದದ್ದನ್ನು ಅಲ್ಲೇ ಬಿಟ್ಟು, ಬಸ್ಸಿನ ಹಾದಿ ಹಿಡಿದರು. ಆ ತಿಂಗಳೊಳಗೆ ಬಾಡಿಗೆ ಮನೆಗೂ ಬೀಗ ಬಿತ್ತು.

ನಾದಿನಿಯ ಲಗ್ನ ಜೋರಾಗಿ ಆಯಿತು. ಅತ್ತೆ ಹೊಟ್ಟಿನ ಕೋಣೆಯಿಂದ ವಾಲಗ ಕೇಳಿದರು. ಸಿಸ್ಟರ್ ಮಾಡುತ್ತಿದ್ದುದನ್ನು ಕಂಡಂತೆ ನಾನೇ ಹುಣ್ಣು ತೊಳೆದೆ, ಪಟ್ಟಿ ಕಟ್ಟಿದೆ. ನನಗೆ ಬರುತ್ತಿದ್ದುದು ಅಷ್ಟೇ. ಮಾತ್ರೆ ತಂದುಕೊಡುವವರಿರಲಿಲ್ಲ, ಹುಣ್ಣು ಎಲುಬಿಗೆ ಇಳಿಯಿತು. "ಇವತ್ತ ಮಂಗಳವಾರ ಹೌದಲ್ಲ? ಸಿಸ್ಟರ್ ಯಾಕ ಬರ್ಲಿಲ್ಲವ್ವಾ?" ಎಂದು ಅತ್ತೆ ಕೇಳುತ್ತಿದ್ದರು. ನಾಡಿದ್ದ ಬರ್ತಾರ್ರಿ, ಮುಂದಿನ ವಾರ ಬರ್ತಾರ್ರಿ ಎಂದು ಸುಳ್ಳು ಹೇಳಿದೆ. ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಹೋದರು... ಮಾವ ಇಡೀ ಊರಿಗೆ ಗೋದಿ ಹುಗ್ಗಿ ಉಣಿಸಿದರು. ಪಟ್ಟಿಗಳನ್ನು ತುಳಿದವರೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಮಾವ ಈಗಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಈ ಊರಿನ ಮೇಲೆ, ನೆಲ ನೋಡಿದ ನನ್ನ ಮೇಲೆ. ಒಮ್ಮೊಮ್ಮೆ ಸಿಸ್ಟರ್ ಮೇಲೆಯೂ. ನಮ್ಮಂಥವರಿಗೆ ಕೊಟ್ಟ ಮಾತನ್ನು ಯಾಕೆ ಅಷ್ಟು ಭದ್ರವಾಗಿ ಕಾಯಬೇಕಿತ್ತು?

ಕಳೆದ ತಿಂಗಳು ದವಾಖಾನೆಯಿಂದ ಬಂದ ಮೇಲೆ ಸಿಸ್ಟರನ್ನು ಹುಡುಕಿದೆ. ಅವರಿವರನ್ನು ಕೇಳಿ ಅವರ ಮಠದ ಫೋನ್ ನಂಬರು ಸಿಕ್ಕಿತು. ವಯಸ್ಸಾದ ಸಿಸ್ಟರ್ ಒಬ್ಬರು ಮಾತಾಡಿದರು. ನಮ್ಮ ಸಿಸ್ಟರ್ ತೀರಿಕೊಂಡು ನಾಲ್ಕು ವರ್ಷವಾಯಿತಂತೆ.

"ನಮ್ಮತ್ತಿಗೆ ಕುಷ್ಠರೋಗ ಇತ್ರಿ" ಎಂದೆ. ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅದಕ್ಕ ಬರ್ತಿದ್ರು."

"ಆ ಊರಿನವರು ಯಾಕೆ ಓಡಿಸಿದರು ಅಂತ ನಾವು ಎಷ್ಟೋ ಸಲ ಕೇಳಿದೆವು" ಎಂದರು ಅವರು. "ನಮಗೂ ಹೇಳಲಿಲ್ಲ."

ನನ್ನ ಗಾಯ ನೋಡಲೆಂದು ಬಂದಿದ್ದ ನಾದಿನಿ ಪಕ್ಕದಲ್ಲೇ ಕೂತಿದ್ದಳು. "ಸಾವಕಾಶ ಮಾತಾಡಬೇ ವೈನಿ, ಮಂದಿ ಕೇಳ್ತಾರ" ಎಂದಳು.

ನಾನು ತಲೆಬಾಗಿಲು ತೆರೆದು ಅತ್ತೆಯ ರೋಗದ ಮಾತನ್ನು ಇನ್ನೊಮ್ಮೆ, ಕಟ್ಟೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಅಲ್ಲಿ ಕೂತಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಯಾರಿಗೋಸ್ಕರ ಹೇಳಬೇಕಿತ್ತೋ ಅವರು ಮಾತ್ರ ಇರಲಿಲ್ಲ.