ಅತ್ತಿಗೆ ಗೆದ್ದ ಕುರ್ಚಿ

ನಮ್ಮ ಅತ್ತಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ. ಸ್ಥಾನ ಮಹಿಳೆಗೆ ಮೀಸಲಾಗಿತ್ತು, ಅಣ್ಣ ನಿಲ್ಲಿಸಿದ, ಗೆದ್ದರು. ಓಟು ಕೇಳಲು ಹೋದಾಗ ಕೆಳಗಿನ ಬೀದಿಯ ಹೆಂಗಸರಿಗೆ ಅತ್ತಿಗೆ ತಾವಾಗಿಯೇ ಮಾತು ಕೊಟ್ಟಿದ್ದರು, ಬೋರು ಕೊರೆಸಿ ನಲ್ಲಿ ನೀರು ಕೊಡಿಸುತ್ತೇನೆ ಅಂತ. ಗೆದ್ದ ಮೇಲೆ ಕುರ್ಚಿಯಲ್ಲಿ ಕೂತವನು ಅಣ್ಣ. ಸಭೆಗೂ ಅವನೇ, ಹಾರ ಹಾಕಿಸಿಕೊಳ್ಳುವುದಕ್ಕೂ ಅವನೇ.

ಆ ಸಲದ ಸಭೆಗೆ ತಾವೇ ಹೋಗಿ ನೀರಿನ ಮಾತೆತ್ತಬೇಕೆಂದು ಅತ್ತಿಗೆ ಹಟ ಹಿಡಿದಿದ್ದರು. ಧೈರ್ಯಕ್ಕಿರಲಿ ಎಂದು ನನ್ನನ್ನು ಹುಣಸೂರಿನಿಂದ ಕರೆಸಿಕೊಂಡಿದ್ದರು. ಸಭೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಣ್ಣ ಹೊಗೆಸೊಪ್ಪು ಮುರಿಸಿ ಅಂಗಳದ ತುಂಬ ಸುರಿಸಿದ್ದ. ಮುರಿದ ಸೊಪ್ಪನ್ನು ಅವತ್ತೇ ಕಡ್ಡಿಗೆ ಕಟ್ಟಿ, ಕಾವು ಕೊಟ್ಟು ಒಣಗಿಸುವ ಬ್ಯಾರನ್ ಮನೆಗೆ ಏರಿಸಬೇಕು, ಇಲ್ಲದಿದ್ದರೆ ಹಾಳು. ಕಟ್ಟುವುದು ಹೆಂಗಸರ ಕೆಲಸ. ಮನೆಯೊಡತಿ ಜೊತೆಗೆ ಕೂರದಿದ್ದರೆ ಸಾಗದು. ಇವತ್ತೇ ಯಾಕೆ ಮುರಿಸಿದೆ ಎಂದು ಕೇಳಿದರೆ, ಹಣ್ಣಾದ ಸೊಪ್ಪು ಸಭೆ ಮುಗಿಯಲಿ ಅಂತ ಕಾಯುತ್ತದಾ ಎಂದು ನಕ್ಕು, ಬಿಳಿ ಅಂಗಿ ತೊಟ್ಟು ಬೈಕು ಹತ್ತಿದ. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಉಟ್ಟಿದ್ದ ರೇಷ್ಮೆ ಸೀರೆ ಬಿಚ್ಚಿಟ್ಟು ಬಂದು ಸೊಪ್ಪಿನ ಮುಂದೆ ಕೂತರು.

ನಾನೂ ಕೂತೆ. ಸಿಟ್ಟು ತಡೆಯಲಾರದೆ, ಕಟ್ಟಲು ಬಂದಿದ್ದ ಕೆಳಗಿನ ಬೀದಿಯ ಹೆಂಗಸರನ್ನು ಕೇಳಿದೆ, ನಾಳೆ ದೇಶ ಆಳುತ್ತೇನೆಂದು ಹೆಂಗಸೊಬ್ಬಳು ನಿಂತರೆ ಓಟು ಹಾಕುತ್ತೀರಾ ಅಂತ. ಯುದ್ಧಗಿದ್ಧ ಬಂದರೆ ಅವಳೇನು ಮಾಡ್ಯಾಳು ಎಂದಳು ಒಬ್ಬಳು. ಇನ್ನೊಬ್ಬಳಿಗೆ ಅವಳ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬ ಚಿಂತೆ. ಹಿಂದೆ ಒಬ್ಬರು ಆಳಲಿಲ್ಲವೇ ಎಂದೆ. ಎಲ್ಲರಿಗಿಂತ ಹಿರಿಯಳು ಸೊಪ್ಪಿನಿಂದ ಕಣ್ಣೆತ್ತದೆ, "ಆಯಮ್ಮ ಗಂಡಸಿದ್ದಂಗಿದ್ರು ಕಣವ್ವ" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಸಂಜೆ ಕಡ್ಡಿಗಳೆಲ್ಲ ಬ್ಯಾರನ್ ಸೇರಿದವು. ಕೈಗೆ ಮೆತ್ತಿದ ಅಂಟು ತೊಳೆದುಕೊಂಡು ಹೆಂಗಸರು ಹೊರಟರು. ಆ ಹಿರಿಯಳು ಮಾತ್ರ ಹಿಂದುಳಿದು, ಅತ್ತಿಗೆಯ ಹತ್ತಿರ ಬಂದು ದನಿ ತಗ್ಗಿಸಿದಳು.

"ನಮ್ ಬೀದಿ ನೀರಿನ್ ವಿಷ್ಯವ ಅಧ್ಯಕ್ಷರ ಕಿವಿಗೆ ವಸಿ ಆಕಿ ಕಣವ್ವ. ನೀವೇಳುದ್ರೆ ಕೇಳ್ತಾರೆ."

ನಾನು ಅತ್ತಿಗೆಯ ಮುಖ ನೋಡಿದೆ. ಅಧ್ಯಕ್ಷರು ನಾನೇ ಅಂತ ಒಂದು ಸಲ ಅಂದುಬಿಡಿ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು.

"ಅವ್ರು ಬರ್ಲಿ, ಏಳ್ತೀನಿ" ಎಂದರು ಅತ್ತಿಗೆ.